ಈರಣ್ಣನ ಉಳುಕು

ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಒಂದು ಆಮಂತ್ರಣ ಪತ್ರಿಕೆ ಬಿದ್ದಿತ್ತು. ನಮ್ಮ ದೊಡ್ಡಪ್ಪನ ಮಗ ಈರಣ್ಣನಿಗೆ ಇವತ್ತು ಸಂಜೆ ಸನ್ಮಾನವಂತೆ. ‘ಸಣ್ಣ ಉಳುಕಿನಿಂದಾಗಿ ಕಬಡ್ಡಿ ಬಿಟ್ಟ ನಮ್ಮ ಹೆಮ್ಮೆಯ ರೇಡರ್’ ಎಂದು ಅಚ್ಚು ಹಾಕಿಸಿದ್ದರು. ಓದಿ ಮೈಯೆಲ್ಲ ಉರಿಯಿತು. ಚಹಾ ಆರಿದೆ ಎಂದು ಹೆಂಡತಿಯ ಮೇಲೆ ರೇಗಿದೆ; ಕುಡಿಯದೆ ಆರಿಸಿದವನು ನಾನೇ.

ನೋಡಿ, ನಮ್ಮ ಕಡೆ ಈ ‘ಉಳುಕು’ ಎಂಬ ಮಾತಿಗೆ ಮಿತಿಯೇ ಇಲ್ಲ. ಸೊಂಟ ಹಿಡಿದರೂ ಉಳುಕು, ಎಲುಬು ಬಿರುಕು ಬಿಟ್ಟರೂ ಉಳುಕು. ಎಣ್ಣೆ ಹಚ್ಚಿ ತಿಕ್ಕಲು ಗೊತ್ತಿದ್ದವನೇ ಡಾಕ್ಟರು. ಆ ಶಬ್ದವನ್ನು ನಿಘಂಟಿನಿಂದ ಕಿತ್ತು ಕಾಳಿ ನದಿಗೆ ಎಸೆಯಬೇಕು.

ಇಂದೂರೆಂಬ ನಮ್ಮ ಹಳ್ಳಿಯ ಮಣ್ಣಿನಲ್ಲಿ ಆಡಿ ಬೆಳೆದ ಈರಣ್ಣ ಟಿವಿಯಲ್ಲಿ ಬರುವ ಪಂದ್ಯಗಳವರೆಗೂ ಹೋದ. ಅವನು ರೇಡಿಗೆ ಇಳಿದರೆ ಎದುರಿನ ಏಳೂ ಜನ ಹಿಂದೆ ಸರಿಯುತ್ತಿದ್ದರು. ಹತ್ತು ಮೆಟ್ಟಿಲಿಗೆ ಏದುಸಿರು ಬಿಡುವ ನಾನು ಅವನ ಚೀಲ ಹೊತ್ತು ‘ಮ್ಯಾನೇಜರ್’ ಎಂದು ಮೆರೆಯುತ್ತಿದ್ದೆ. ದೊಡ್ಡ ತಂಡದ ಆಯ್ಕೆಗೆ ವಾರವಿದ್ದಾಗ ಹಳಿಯಾಳದ ಪಂದ್ಯದಲ್ಲಿ ಅವನ ಮೊಣಕಾಲು ತಿರುಚಿತು. ಹುಬ್ಬಳ್ಳಿಯಿಂದ ಸ್ಕ್ಯಾನಿಂಗ್ ರಿಪೋರ್ಟು ತರಲು ಹೋದವನು ನಾನು. ಲಿಗಮೆಂಟ್ ಹರಿದಿದೆ, ಆಡಿದರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

“ಏನ್ ಬರದಾರೋ?” ಎಂದ ಈರಣ್ಣ.

“ಉಳಕೇತಿ ಅಂತಣ್ಣಾ. ತಿಕ್ಕಿದ್ರ ಹೋಗ್ತೈತಿ.”

ನನಗೆ ಮ್ಯಾನೇಜರಾಗಿಯೇ ಇರಬೇಕಿತ್ತು, ಅಷ್ಟೇ.

ಆಯ್ಕೆಯಾದ. ಮೂರು ವರ್ಷ ಆಡಿದ. ಊರಿಗೆ ಬಂದಾಗಲೆಲ್ಲ ಸಂಜೆ ನಾನೇ ಕೂತು ಆ ಮೊಣಕಾಲು ತಿಕ್ಕುತ್ತಿದ್ದೆ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಕಾಲು ಮಡಚದಂತಾಯಿತು, ತಂಡದವರು ಕೈಬಿಟ್ಟರು. ಅಂದಿನಿಂದ ತಂಡವನ್ನು ಬೈದೆ, ಕೋಚನ್ನು ಬೈದೆ, ಕೊನೆಗೆ ಮ್ಯಾಟನ್ನೂ ಬೈದೆ. ಬೈಯಬೇಕಾದವನನ್ನು ಮಾತ್ರ ಜೋಪಾನವಾಗಿ ಬಿಟ್ಟುಕೊಂಡು ಬಂದೆ.

ಇವತ್ತಿನ ಆಮಂತ್ರಣ ಪತ್ರಿಕೆಯ ಕೆಳಗೆ ಇನ್ನೊಂದು ಸಾಲಿತ್ತು: ‘ಸನ್ಮಾನದ ನಂತರ ಈರಣ್ಣನವರಿಂದ ಒಂದು ರೇಡ್.’ ಬಂಗೂರನಗರದ ಅವನ ಮನೆಗೆ ಓಡಿದೆ. ಕಾಲು ನೀಡಿಕೊಂಡು ಕೂತು, ಕಷ್ಟಪಟ್ಟು ಬಗ್ಗಿ, ಬೂಟು ಹಾಕಿ ನೋಡುತ್ತಿದ್ದ.

“ಆಡಬ್ಯಾಡಣ್ಣಾ. ಅದು ಉಳುಕಲ್ಲ. ಅವತ್ತ ಹರದಿತ್ತು. ಡಾಕ್ಟರು ನನಗ ಹೇಳಿದ್ರು.”

ಅವನ ಕೈ ನಿಂತಿತು. ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಲೇಸು ಬಿಚ್ಚಿ ಬೂಟನ್ನು ಪಕ್ಕಕ್ಕಿಟ್ಟ. ಆಮೇಲೆ ಏನೋ ಲೆಕ್ಕ ತಪ್ಪಿದವನ ಹಾಗೆ ನನ್ನ ಮುಖ ನೋಡಿದ.

“ಹಂಗಾದ್ರ ಮೂರ್ ವರ್ಷ ಯಾಕ ತಿಕ್ಕಿದ್ಯೋ?”