ಜಿನ್ನವ್ವಕ್ಕ ಹಿಡಿದು ನೋಡಿದ ಪರದೆ

ಬೆಲ್ಲದ ಬಾಗೇವಾಡಿಯಲ್ಲಿ ನನ್ನ ಔಷಧದ ಅಂಗಡಿಯ ಪಕ್ಕದ್ದೇ ಜಿನ್ನವ್ವಕ್ಕನ ಮನೆ. ಜೈನ ಮನೆತನದ ಆಕೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಒಂದು ಗುಟುಕೂ ಕುಡಿದವಳಲ್ಲ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನೇ ಹನಿಸಿ, ಅದರಲ್ಲಿ ಸಿಕ್ಕ ಸಣ್ಣ ಜೀವಗಳನ್ನು ಅದೇ ಬಾವಿಗೆ ಇಳಿಸಿ ಬರುತ್ತಿದ್ದಳು. “ಅವಕ್ಕ ಬಸ್ಸಿನ ರೊಕ್ಕಾನೂ ಕೊಟ್ಟ ಕಳಸ್ರಿ ಅಕ್ಕಾರ” ಎಂದು ನಾನು ಕಾಡುತ್ತಿದ್ದೆ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಸಕ್ಕರೆ ಕಾಯಿಲೆಯಿಂದ ಆಕೆಯ ಹೆಬ್ಬೆರಳ ಹುಣ್ಣು ಮಾಯದೆ ಕಪ್ಪಾಯಿತು. ಇನ್ಸುಲಿನ್ ತೆಗೆದುಕೊಳ್ಳದಿದ್ದರೆ ಕಾಲೇ ಹೋದೀತು ಎಂದರು ಹುಕ್ಕೇರಿಯ ಡಾಕ್ಟರು. ನನ್ನ ಅಂಗಡಿಯಲ್ಲಿದ್ದದ್ದು ಹಂದಿಯ ಮೈಯಿಂದ ತೆಗೆದದ್ದು. ಕೇಳಿದಳೆಂದು ಹೇಳಿಬಿಟ್ಟೆ.

“ಕಾಲ ಹೋದ್ರ ಹೋಗ್ಲಿ ಲಗಮಪ್ಪಾ” ಎಂದಳು. ಹಟಮಾರಿ! ನನಗೆ ಸಿಟ್ಟು ನೆತ್ತಿಗೇರಿತು.

ಪುಣೆಯ ಔಷಧ ಕಾರ್ಖಾನೆಯಲ್ಲಿದ್ದ ಆಕೆಯ ಮಗಳು ತ್ರಿಶಲಾ ಸುದ್ದಿ ತಿಳಿದು ಓಡಿಬಂದಳು. ಕೈಯಲ್ಲಿ ಹೊಸ ಬಾಟಲಿ, ಜೊತೆಗೆ ಕಾಗದದಂಥ ಒಂದು ಬಿಳಿ ಪರದೆ.

“ಇದು ಹಂದೀದಲ್ಲವ್ವಾ. ಬ್ಯಾಕ್ಟೀರಿಯಾ ಅಂತ ಸಣ್ಣ ಜೀವ ಇರ್ತಾವ. ಮನಷ್ಯಾರ ಮೈಯಾಗ ಆಗೋ ಇನ್ಸುಲಿನ್ ಮಾಡೂದ ಅವಕ್ಕ ಕಲಿಸ್ಯಾರ. ಅದನ್ನ ಇಂಥಾ ಪರದಿಯಾಗ ಸೋಸ್ತೇವಿ.”

ಜಿನ್ನವ್ವಕ್ಕ ಪರದೆಯನ್ನು ಬಿಸಿಲಿಗೆ ಹಿಡಿದಳು. ಒಂದು ತೂತೂ ಕಾಣಲಿಲ್ಲ.

“ಇದರಾಗ ನೀರ ಇಳೀತೈತಿ?”

“ಒತ್ತಿ ಬಿಟ್ರ ಇಳೀತೈತಿ. ಆ ಸಣ್ಣ ಜೀವ ಸೈತ ದಾಟಂಗಿಲ್ಲ.”

ಜೀವಮಾನವೆಲ್ಲ ನೀರು ಸೋಸಿದ ಆ ಕೈ ಪರದೆಯನ್ನು ಮತ್ತೆ ಮತ್ತೆ ಸವರಿತು. ವರ್ಷಗಟ್ಟಲೆ ಔಷಧ ಮಾರಿದ ನನಗೂ ಮೈ ಜುಮ್ಮೆಂದಿತು. ಇಷ್ಟು ಸೂಕ್ಷ್ಮವಾದ ಸೋಸುವಿಕೆಯನ್ನು ಮನುಷ್ಯನ ಕೈ ಮಾಡಬಲ್ಲುದೆಂದು ನಾನು ಎಣಿಸಿರಲಿಲ್ಲ.

“ಮ್ಯಾಲ ಉಳದ ಜೀವಾನ ತಿರಗಿ ಅವುಗಳ ನೀರಿಗಿ ಬಿಡ್ತೀರಿ, ಹೌದಲ್ಲ?” ಎಂದು ಕೇಳಿದಳು.

ಹೌದೆನ್ನು ಎಂದು ನಾನು ತ್ರಿಶಲಾಗೆ ಕಣ್ಸನ್ನೆ ಮಾಡಿದೆ. ಅವಳು ತಲೆ ತಗ್ಗಿಸಿದಳು.

“ಇಲ್ಲವ್ವಾ. ಅವನ್ನ ಒಡದ ಔಷಧ ತಗೀತೇವಿ. ಎಲ್ಲಾ ಸಾಯ್ತಾವ.”

ಕೆಲಸ ಕೆಟ್ಟಿತು ಎಂದುಕೊಂಡೆ. ಜಿನ್ನವ್ವಕ್ಕ ಪರದೆಯನ್ನು ಮಗಳ ಕೈಗೆ ಮರಳಿಸಿದಳು.

“ಕಾಳ ತಿಂತೇನಿ, ಕಾಯಿಪಲ್ಲೆ ತಿಂತೇನಿ. ಅವೂ ಜೀವಾನ. ಸಂಸಾರಸ್ಥರಿಗಿ ಅಷ್ಟ ಪಾಪ ತಪ್ಪಂಗಿಲ್ಲ” ಎಂದು ಕೊನೆಗೆ ತೋಳು ಚಾಚಿದಳು. ಮರುಕ್ಷಣವೇ ಹಿಂದಕ್ಕೆಳೆದುಕೊಂಡು, ಬಾಟಲಿಗೆ ಕೈಮುಗಿದು, ಹಿರಿಯರಿಗೆ ಹೇಳುವಂತೆ ಹೇಳಿದಳು: “ಕ್ಷಮಾ ಮಾಡ್ರಿ.”

ಬೆರಳು ಹೋಯಿತು, ಕಾಲು ಉಳಿಯಿತು. ಈಗಲೂ ನಿತ್ಯ ಸೂಜಿ ಚುಚ್ಚುವವನು ನಾನೇ. ಆಕೆ ಕ್ಷಮೆ ಕೇಳಿ ಮುಗಿಸುವವರೆಗೆ ಸೂಜಿ ಹಿಡಿದು ಕಾಯುತ್ತೇನೆ. ಬಸ್ಸಿನ ರೊಕ್ಕದ ಮಾತು ಮತ್ತೆ ನನ್ನ ಬಾಯಿಂದ ಬಂದಿಲ್ಲ.