ಬೇಲಿಯಲ್ಲಿ ಹೊತ್ತಿದ ಟ್ಯೂಬ್‌ಲೈಟ್

೧೯೬೪ ಇರಬೇಕು, ೬೫ ಎಂದರೂ ನಾನು ವಾದಿಸುವುದಿಲ್ಲ. ಹಳಿಯಾಳದಲ್ಲಿ ವಿದ್ಯುತ್ ಇಲಾಖೆಯ ಜೂನಿಯರ್ ಇಂಜಿನಿಯರ್ ಆಗಿದ್ದೆ. ದಾಂಡೇಲಿಗೆ ಹೋಗುವ ಹೈಟೆನ್ಶನ್ ಲೈನಿನ ಒಂದು ಭಾಗ ನನ್ನ ಸುಪರ್ದಿಯಲ್ಲಿತ್ತು. ಲೈನಿನ ಕೆಳಗೆ ಬೆಳೆದ ಗಿಡಗಂಟಿ ಕಡಿಸುತ್ತ ತಿರುಗಿ ಸಾಕಾಗಿದ್ದ ದಿನಗಳಲ್ಲಿ ಒಂದು ದೂರು ಬಂತು: ದಾರಿಯ ಹಳ್ಳಿಯೊಂದರ ಬಸಪ್ಪನೆಂಬ ರೈತ ಕರೆಂಟ್ ಕದ್ದು ಹೊಲದಲ್ಲಿ ದೀಪ ಹಚ್ಚುತ್ತಿದ್ದಾನೆ.

ಲೈನ್‌ಮನ್ ಹುಸೇನನನ್ನು ಕರೆದುಕೊಂಡು ಹೊತ್ತು ಮುಳುಗುವಾಗ ಅಲ್ಲಿಗೆ ಹೋದೆ. ಭತ್ತ ತೆನೆಗಟ್ಟಿತ್ತು. ನಮ್ಮ ಲೈನಿನ ಅಡಿಯಲ್ಲೇ, ಅದರ ಗುಂಟ, ಎರಡೆಳೆಯ ತಂತಿ ಬೇಲಿ. ಅದರ ತುದಿಗೆ, ಗುಡಿಸಲಿನ ಎದುರು, ಒಂದು ಟ್ಯೂಬ್‌ಲೈಟನ್ನು ನೆಟ್ಟಗೆ ಕಟ್ಟಿದ್ದರು. ಮೇಲಿನ ತುದಿ ಬೇಲಿಯ ತಂತಿಗೆ, ಕೆಳಗಿನದು ನೆಲದಲ್ಲಿ ಹುಗಿದ ಕಬ್ಬಿಣದ ಸರಳಿಗೆ. ಕತ್ತಲು ಕವಿದಂತೆ ಅದು ಮಂದವಾಗಿ ಬೆಳಗುತ್ತಿರುವುದು ಕಂಡಿತು. ಬ್ಯಾಟರಿ ಇಲ್ಲ; ನಮ್ಮ ಲೈನಿಗೆ ಹೋದ ವೈರೂ ಇಲ್ಲ.

ಹೈಟೆನ್ಶನ್ ತಂತಿಯ ಸುತ್ತ ವಿದ್ಯುತ್ ಕ್ಷೇತ್ರವಿರುತ್ತದೆ. ಅದರೊಳಗೆ, ನೆಲಕ್ಕೆ ತಾಗದಂತೆ ಇನ್ನೊಂದು ಉದ್ದ ತಂತಿಯಿದ್ದರೆ, ಮುಟ್ಟದೆಯೇ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಇದಕ್ಕೆ ಇಂಡಕ್ಷನ್ ಎನ್ನುತ್ತೇವೆ. ಬಸಪ್ಪನ ತಮ್ಮ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನು ತಂದುಕೊಟ್ಟ ಹಳೆಯ ರಬ್ಬರ್ ಬೆಲ್ಟಿನ ತುಂಡುಗಳನ್ನು ಗೂಟಕ್ಕೆ ಸುತ್ತಿ ತಂತಿ ಬಿಗಿದಿದ್ದರಿಂದ ಬೇಲಿ ನೆಲದಿಂದ ಬೇರ್ಪಟ್ಟಿತ್ತು. ಮುಟ್ಟಿದರೆ ಬೆರಳು ಚುರುಗುಟ್ಟುತ್ತದೆಂದು ತಿಳಿದು, ಟ್ಯೂಬ್ ಕಟ್ಟಿ ನೋಡಿದವನೂ ಆ ತಮ್ಮನೇ.

"ಕಳವು ಹೆಂಗ ಆತ್ರಿ ಸಾಹೇಬ್ರ? ನಾವು ನಿಮ್ಮ ಲೈನ್ ಮುಟ್ಟೇ ಇಲ್ಲ," ಎಂದ ಬಸಪ್ಪ.

ಹುಸೇನ್ ನಕ್ಕ. "ಮುಟ್ಟಿದ್ರ ಹಿಂಗ ನಿಂತು ವಾದಾ ಮಾಡ್ತಿದ್ದಿಲ್ಲ ಬಿಡೋ ಬಸಣ್ಣಾ."

ಬಸಪ್ಪನ ಹೆಂಡತಿ ಗಂಗವ್ವ ಮುಂದೆ ಬಂದಳು. "ಇದು ಬೆಳಕಿಗೆ ಅಲ್ರೀ. ಕಾಡಹಂದಿ ಬೇಲ್ಯಾಗ ನುಗ್ಗಿದ್ರ ದೀಪ ಆರತೈತಿ. ಆಗ ಇಲ್ಲಿಂದನ ಡಬ್ಬಾ ಬಡದು ಓಡಸ್ತೇವಿ. ಇವರ ಕಾಲ ನೋಡ್ರಿ."

ಹಿಂದಿನ ವರ್ಷ ಕತ್ತಲಲ್ಲಿ ಬದುವಿನ ಮೇಲೆ ಕಾವಲು ತಿರುಗುವಾಗ ಹಂದಿ ಬಸಪ್ಪನ ತೊಡೆ ಸೀಳಿತ್ತು. ಈ ವರ್ಷ ಅವನು ಗುಡಿಸಲಿನಲ್ಲೇ ಕೂತು ಬೆಳೆ ಕಾಯುತ್ತಿದ್ದ. ನುಗ್ಗಿದ ಹಂದಿಯ ಮೈ ತಂತಿಯ ವಿದ್ಯುತ್ತನ್ನು ನೆಲಕ್ಕಿಳಿಸುತ್ತಿತ್ತು, ದೀಪ ಆರುತ್ತಿತ್ತು; ಅಷ್ಟೇ.

ಕಳವಲ್ಲವೆಂದು ಬರೆಯಲು ನನಗೆ ಕಷ್ಟವಾಗಲಿಲ್ಲ. ಕಷ್ಟ ಬೇಲಿಯದಾಗಿತ್ತು. ಮೇಲಿನ ತಂತಿ ಹರಿದು ಅದರ ಮೇಲೆ ಬಿದ್ದರೆ ಬೇಲಿಯ ಉದ್ದಕ್ಕೂ ಸಾವು ಹರಿಯುತ್ತದೆ. ದೂರದ ತುದಿಯಲ್ಲಿ ಕೈಯಿಟ್ಟವರೂ ಉಳಿಯುವುದಿಲ್ಲ. ಬೇಲಿಯನ್ನು ಅಲ್ಲಲ್ಲಿ ಕತ್ತರಿಸಿ, ಪ್ರತಿ ತುಂಡನ್ನೂ ವೈರಿನಿಂದ ನೆಲಕ್ಕೆ ಜೋಡಿಸಿ ಅರ್ತ್ ಮಾಡಬೇಕು. ಹಾಗೆ ಮಾಡಿದರೆ ದೀಪ ಹೊತ್ತುವುದಿಲ್ಲ. ಬೇಲಿಯನ್ನು ಲೈನಿನಿಂದ ದೂರ ಸರಿಸಿದರೂ ಹೊತ್ತುವುದಿಲ್ಲ. ಇದನ್ನೆಲ್ಲ ವಿವರಿಸಿದೆ.

ಗಂಗವ್ವ ಎಲ್ಲ ಕೇಳಿ, "ನಿಮ್ಮ ತಂತಿ ಯಾವಾಗ ಹರೀತೈತ್ರಿ?" ಎಂದಳು.

"ಹೇಳಾಕ ಬರೂದಿಲ್ಲವ್ವಾ," ಎಂದೆ.

"ಹಂದಿ ಇವತ್ತ ಬರತೈತ್ರಿ."

ಆಗ ಸಮಾಧಾನದ ಮಾತೇನೋ ಹೇಳಿದೆನೆಂದು ಬಹಳ ವರ್ಷ ನಂಬಿದ್ದೆ. ಈಗ ಅನುಮಾನ. ಬೇಕಾದ ಮಾತನ್ನು ನೆನಪು ಆಮೇಲೆ ಸೇರಿಸಿಕೊಂಡಿರಬಹುದು. ಹುಸೇನ್ ಅರ್ತ್ ವೈರ್ ಬಿಗಿದದ್ದು, ಟ್ಯೂಬ್ ಆರಿದ್ದು, ಬಸಪ್ಪ ಒಳಗೆ ಹೋಗಿ ಬಡಿಗೆ ತಂದದ್ದು ಮಾತ್ರ ಖಂಡಿತ.

ಸುಗ್ಗಿಗೆ ಮುಂಚೆ ಒಂದು ಸಂಜೆ ಅದೇ ದಾರಿಯಲ್ಲಿ ಜೀಪಿನಲ್ಲಿ ಬಂದೆ. ಬಸಪ್ಪ ಕಂದೀಲು ಹಿಡಿದು, ಕಾಲೆಳೆಯುತ್ತ ಬದುವಿನ ಮೇಲೆ ಹೋಗುತ್ತಿದ್ದ. ಗುರುತು ಹಿಡಿದು ಕೈಯೆತ್ತಿದ. ನಾನು ಜೀಪು ನಿಲ್ಲಿಸಲಿಲ್ಲ.

ನಾನಿದ್ದಷ್ಟು ಕಾಲ ಆ ಲೈನು ಹರಿಯಲಿಲ್ಲ. ಇಂದು ಕೇಳಿದರೂ ಅದೇ ಆದೇಶ ಕೊಡುತ್ತೇನೆ. ಆದರೆ ಸುರಕ್ಷತೆಯ ಆದೇಶ ಕೊಟ್ಟವನು ಮನೆಗೆ ಹೋಗಿ ಮಲಗುತ್ತಾನೆ, ಎಚ್ಚರವಿರಬೇಕಾದವರು ಬೇರೆಯವರು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಅಲ್ಲಿಂದ ಮುಂದೆ ಯಾವುದನ್ನು ಬಂದ್ ಮಾಡಿಸುವಾಗಲೂ, ಇದಿಲ್ಲದೆ ಇವತ್ತು ರಾತ್ರಿ ನೀವೇನು ಮಾಡುತ್ತೀರಿ ಎಂದು ಮೊದಲು ಕೇಳುತ್ತಿದ್ದೆ. ಎಷ್ಟೋ ಸಲ ಅವರ ಉತ್ತರಕ್ಕೆ ನನ್ನ ಬಳಿ ಪರಿಹಾರ ಇರಲಿಲ್ಲ. ಆದರೂ ಕೇಳದೆ ಸಹಿ ಹಾಕಲಿಲ್ಲ.