ಮೂಸಿ ಆರಿಸಿದ ಸಾಗವಾನಿ

ಕಾಗವಾಡದ ಸುತ್ತಲಿನ ಹಳ್ಳಿಗಳಲ್ಲಿ ಮನೆ ಕಟ್ಟುವವರದೊಂದು ವಿಚಿತ್ರ. ಇಂಜಿನಿಯರನನ್ನು ಕೇಳದೆ ಪಾಯ ತೆಗೆಸಿಯಾರು, ಹೆಂಡತಿಯನ್ನು ಕೇಳದೆ ಅಡುಗೆಮನೆ ಕಟ್ಟಿಸಿಯಾರು. ಆದರೆ ಜ್ಞಾನದೇವ ಮಿಸ್ತ್ರಿ ಮೂಸಿ ನೋಡದ ಕಟ್ಟಿಗೆಯನ್ನು ಬಾಗಿಲಿಗೆ ಹಚ್ಚರು. ಮಿರಜಿನ ಕಟ್ಟಿಗೆ ಅಡ್ಡೆಗೆ ಅವನನ್ನು ಕರೆದುಕೊಂಡೇ ಹೋಗಬೇಕು. ಅವನು ಹಲಗೆ ಎತ್ತಿ ಭಾರ ನೋಡುತ್ತಿದ್ದ, ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ, ಒಂದು ಕಣ್ಣು ಮುಚ್ಚಿ ಎಳೆ ನೇರವಿದೆಯೇ ಎಂದು ಪರೀಕ್ಷಿಸುತ್ತಿದ್ದ. ಇಷ್ಟನ್ನು ಯಾವ ಬಡಿಗನೂ ಮಾಡುತ್ತಾನೆ. ಕೊನೆಗೆ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ಮೂಗಿಗೆ ಹಿಡಿಯುತ್ತಿದ್ದನಲ್ಲ, ಜನ ಮಾತು ನಿಲ್ಲಿಸುತ್ತಿದ್ದುದು ಆಗ. ಹುಳಿ ನಾತ ಬಂದರೆ ಕಟ್ಟಿಗೆ ಇನ್ನೂ ಹಸಿ, ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಖರೆ ಸಾಗವಾನಿಗೆ ಹಳೆಯ ಚರ್ಮದಂಥ ಎಣ್ಣೆ ವಾಸನೆ. ಸಾಗವಾನಿ ಎಂದು ಹೇಳಿ ಮಾರುವ ಪರದೇಶಿ ಮಾಲಿಗೆ ಅದಿಲ್ಲ. ಅವನು ತಲೆಯಾಡಿಸಿದರೆ ವ್ಯಾಪಾರ ಮುಗಿದಂತೆ.

ಆ ಮೂಗು ಕೊರೊನಾ ಕಾಲದಲ್ಲಿ ಹೋಯಿತು. ಜ್ವರ ಇಳಿಯಿತು, ಕೆಮ್ಮು ನಿಂತಿತು, ನಾಲಿಗೆಗೆ ಅರೆಬರೆ ರುಚಿಯೂ ಬಂತು. ವಾಸನೆ ಮಾತ್ರ ಮರಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದ. ಕಾಯುತ್ತ ಕಾಯುತ್ತ ಯಾರಿಗೂ ಹೇಳದೆ ಉಳಿದುಬಿಟ್ಟ. ಹಾಡುವವನ ಗಂಟಲು ಕೆಟ್ಟರೆ ಊರಿಗೆಲ್ಲ ಕೇಳುತ್ತದೆ. ಮೂಗು ಸತ್ತದ್ದು ಯಾರಿಗೆ ಕಾಣಬೇಕು? ಕಣ್ಣು ಮತ್ತು ಕೈ ಅವನನ್ನು ಕಾಪಾಡಿದವು. ಚಕ್ಕೆಯನ್ನು ಮೊದಲಿನಂತೆಯೇ ಮೂಗಿಗೆ ಹಿಡಿಯುತ್ತಿದ್ದ, ಮೊದಲಿಗಿಂತ ತುಸು ಹೆಚ್ಚೇ ಹೊತ್ತು. ಆರಿಸಿದ ಕಟ್ಟಿಗೆ ಚೆನ್ನಾಗಿ ಬಂದಾಗಲೆಲ್ಲ ಜನ ಹೊಗಳುತ್ತಿದ್ದರು, ಅವನು ಬೇರೆ ಮಾತು ತೆಗೆಯುತ್ತಿದ್ದ.

ಹೀಗಿರುವಾಗ ಚಂದ್ರಮತಿ ಹೇಳಿಕಳಿಸಿದರು. ಊರಿನ ಹಳೆಯ ಜೈನ ಮನೆತನದ ಹಿರಿಯ ಹೆಂಗಸು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರು ಕುಡಿದವರಲ್ಲ. ಅವರ ಮನೆಯ ಹೊಸ್ತಿಲಿನಿಂದ ಹಿಡಿದು ಕಪಾಟಿನವರೆಗೆ ಎಲ್ಲ ಜ್ಞಾನದೇವನ ಕೈಕೆಲಸ.

"ದೇವರ ಖೋಲಿಗೆ ಬಾಗಲಾ ಮಾಡಬೇಕಪ್ಪ," ಎಂದರು. "ಒಂದ ಮಾತ. ಹುಳಕ್ಕ ಔಷಧ ಹೊಡದ ಕಟ್ಟಿಗಿ ಬ್ಯಾಡ. ಜೀವ ಕೊಂದ ಬಾಗಲಾ ತಗದು ದೇವರ ಮುಂದ ಹೆಂಗ ನಿಲ್ಲಲಿ?"

"ನೋಡೇ ತರ್ತೀನ್ರಿ ಅಕ್ಕಾರ."

"ನೀ ಮೂಸಿ ಹ್ಞೂಂ ಅಂದ್ರ ಆತು. ನಾ ಮತ್ತ ಕೇಳಂಗಿಲ್ಲ."

ಬೇಡವೆನ್ನಲು ಅದೇ ಸರಿಯಾದ ಹೊತ್ತಾಗಿತ್ತು. ಪುಣ್ಯಾತ್ಮ ತಲೆಯಾಡಿಸಿ ಬಂದ.

ಅವನಿಗೂ ಒಂದು ಲೆಕ್ಕವಿತ್ತು. ಸಾಗವಾನಿಯ ಕಂದು ತಿರುಳಿಗೆ ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಅಂಚಿನ ಬಿಳಿ ಭಾಗವನ್ನು ತಿನ್ನುತ್ತದೆ. ಅಡ್ಡೆಯವರು ಔಷಧ ಹೊಡೆಯುವುದು ಆ ಬಿಳಿಗೆ. ಬಿಳಿಯೇ ಇಲ್ಲದ ಹಲಗೆ ಆರಿಸಿದರೆ ಮೂಗಿನ ಹಂಗೇಕೆ? ಮಿರಜಿನಲ್ಲಿ ಒಂದೊಂದೇ ಹಲಗೆ ತಿರುವಿ, ಕಂದು ತಿರುಳಿನವನ್ನಷ್ಟೇ ಬದಿಗಿಟ್ಟ. ಈ ಸಲ ಅಡ್ಡೆಯವನು ಬಿಳಿ, ಕಂದು ಎಂದು ನೋಡದೆ ಒಟ್ಟಿದ ಮಾಲಿಗೆಲ್ಲ ಔಷಧ ಹೊಡೆಸಿದ್ದಾನೆಂದು ಅವನಿಗೇನು ಗೊತ್ತು! ಕೇಳಿದ್ದರೆ ಅಡ್ಡೆಯವನೇ ಹೇಳುತ್ತಿದ್ದ. ಆದರೆ ಜ್ಞಾನದೇವ ಮಿಸ್ತ್ರಿ ಕೇಳುವುದುಂಟೇ? ಚಕ್ಕೆ ಎಬ್ಬಿಸಿ ಮೂಗಿಗೆ ಹಿಡಿದ, ಕಣ್ಣು ಮುಚ್ಚಿದ, "ಚೊಕ್ಕ ಐತಿ" ಎಂದ. ಅಡ್ಡೆಯವನು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಸುಮ್ಮನೆ ಟೆಂಪೋಗೆ ಹೇರಿಸಿದ.

ಚಂದ್ರಮತಿಯ ಅಂಗಳದಲ್ಲಿ ಹಲಗೆ ಇಳಿಸಿದಾಗ ಅವರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದರು. ಹಲಗೆಯ ಹತ್ತಿರ ಬಂದವರೇ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಏನ ನಾತ ಇದು? ಹುಳದ ಔಷಧ ಅಲ್ಲೇನೋ?"

ಜ್ಞಾನದೇವ ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ.

"ಮೂಸಿದ್ಯೋ ಇಲ್ಲೋ ನೀ?"

ಇಲ್ಲ ಎಂದರೆ, ಯಾಕಿಲ್ಲ ಎಂದು ಕೇಳುತ್ತಾರೆ. ಹೌದು ಎಂದರೆ, ಮೋಸಗಾರನಾಗುತ್ತಾನೆ. ಮೂರನೆಯ ದಾರಿ ಹುಡುಕಿದ, ಇರಲಿಲ್ಲ.

"ಮೂಸಿದ್ನಿರಿ," ಎಂದ. "ಗೊತ್ತಿತ್ರಿ. ಕಟ್ಟಿಗಿ ಚಲೋ ಇತ್ತು, ನಾಲ್ಕ ದಿನದಾಗ ವಾಸನಿ ಹೋಗ್ತೈತಿ, ನಿಮಗ ತಿಳಿಯಂಗಿಲ್ಲ ಅಂತ ತಂದೆ."

ಅವರು ಬೈದಿದ್ದರೆ ಬದುಕುತ್ತಿದ್ದ. ಬೈಯಲಿಲ್ಲ. "ಗೊತ್ತಿದ್ದೂ ತಂದಿ," ಎಂದು ತಮಗೆ ತಾವೇ ಹೇಳಿಕೊಂಡು, ತಟ್ಟೆಯನ್ನು ಸೆರಗಿನಿಂದ ಮುಚ್ಚಿ ಒಳಗೆ ಹೋದರು. ಅವನು ಹಲಗೆಗಳನ್ನು ಮತ್ತೆ ಹೇರಿಸಿ ತಿರುಗಿ ಕಳಿಸಿದ.

ಮನೆಯಲ್ಲಿ ಹೆಂಡತಿ ಅಕ್ಕುತಾಯಿ ತಾಟು ಹಾಕಿ ಎಲ್ಲ ಕೇಳಿಸಿಕೊಂಡಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

"ಪಲ್ಯ ಸೀದೈತಿ," ಎಂದಳು.

ಕೈ ನಿಂತಿತು.

"ಜಡ್ಡಿನಿಂದ ಎದ್ದಾಗಿಂದ ನಿಮ್ಮ ಮೂಗ ಸತ್ತೈತಿ. ಒಲಿ ಮ್ಯಾಲ ಹಾಲ ಸೀದ್ರೂ ಬಾಜೂಕ ಕುಂತಿರ್ತೀರಿ. ತಾವ ಹೇಳ್ತಾರ ಅಂತ ಹಾದಿ ನೋಡಾಕತ್ತಿದ್ದೆ." ಅವಳು ನೀರಿನ ತಂಬಿಗೆಯನ್ನು ಅವನ ಮುಂದಿಟ್ಟಳು. "ಮೂಗ ಹೋದ್ರ ರೋಗ ಅಂತಿದ್ರು. ಈಗ ಏನ ಅಂತಾರ?"

"ಕಳ್ಳ ಬಡಿಗ್ಯಾನ ಕೈಲೆ ಬಾಗಲಾ ಮಾಡಸ್ತಾರ," ಎಂದ ಜ್ಞಾನದೇವ. "ಮೂಗಿಲ್ಲದವನ್ನ ಯಾರ ಕರೀತಾರ?"

ಅಕ್ಕುತಾಯಿ ಸೀದ ಪಲ್ಯದ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆ ವಾರವಿಡೀ ಊರು ಆಡಿಕೊಳ್ಳುತ್ತದೆ ಎಂದು ಅವನು ಕಾದ. ಯಾರೂ ಏನೂ ಅನ್ನಲಿಲ್ಲ. ಚಂದ್ರಮತಿ ಬಾಯಿ ಬಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಸುಟ್ಟಿತು.

ಒಂದು ಮುಂಜಾನೆ ದ್ರಾಕ್ಷಿ ತೋಟದ ರಾವಸಾಹೇಬನ ಪಿಕಪ್ ಬಾಗಿಲಿಗೆ ಬಂದು ನಿಂತಿತು.

"ಏಳ್ರಿ ಮಿಸ್ತ್ರಿ, ಮಿರಜಿಗಿ! ಮೊಮ್ಮಗಳಿಗಿ ತೊಟ್ಟಲಾ ಮಾಡಸೂದೈತಿ. ಕೂಸು ಕಂಡದ್ದೆಲ್ಲಾ ಬಾಯಾಗ ಹಾಕ್ಕೋತೈತಿ, ಔಷಧದ ಕಟ್ಟಿಗಿ ಬಂದಗಿಂದೀತು ಅಂತ ಅಂಜಿಕಿ. ಚಂದ್ರಮತಿ ಅಕ್ಕಾರನ್ನ ಕೇಳಿದೆ. ಜ್ಞಾನದೇವನ ಮೂಗ ಸುಳ್ಳ ಹೇಳೂದಿಲ್ಲ ಅಂದ್ರು."

ಮೂಗು ಎಂದಿದ್ದರು. ಜ್ಞಾನದೇವ ಸುಳ್ಳು ಹೇಳುವುದಿಲ್ಲ ಎಂದಿರಲಿಲ್ಲ. ಅವನಿಗೆ ಆ ಕೂಸು ತೊಟ್ಟಿಲಿನ ಅಂಚು ಚೀಪುತ್ತಿರುವುದು ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ತಾನಾಗಿ ಹೊರಬಿತ್ತು.

"ರಾವಸಾಹೇಬ್ರ, ನನಗ ವಾಸನಿ ಬರಂಗಿಲ್ಲ್ರಿ."

ರಾವಸಾಹೇಬ ಹೊಟ್ಟೆ ಹಿಡಿದು ನಕ್ಕ. "ಹಂಗಾರ ನನಗ ಕಣ್ಣ ಕಾಣಂಗಿಲ್ಲ, ಗಾಡಿ ನೀವ ಹೊಡೀರಿ! ಹತ್ರಿ, ಹತ್ರಿ."

"ಖರೇನ ಹೇಳಾಕತ್ತೀನ್ರಿ."

"ಆತಪಾ, ದೊಡ್ಡ ಮನಶ್ಯಾ. ಚಾ ಕುಡಿಸ್ತೀನಿ, ನಡೀರಿ."

ನಿಜ ಹೇಳಿದರೂ ಬಿಡುಗಡೆಯಿಲ್ಲ. ಜ್ಞಾನದೇವ ಹೆಂಡತಿಯ ಕಡೆ ನೋಡಿದ. ಅಕ್ಕುತಾಯಿ ಬಾಗಿಲಿಗೆ ಕೀಲಿ ಹಾಕಿ, ಚಪ್ಪಲಿ ಮೆಟ್ಟಿ ಬಂದಿದ್ದಳು.

"ನಾನೂ ಬರ್ತೀನ್ರಿ ಅಣ್ಣಾರ. ಮೂಸಾಕ," ಎಂದಳು. "ಮೊದಲ ಚಂದ್ರಮತಿ ಅಕ್ಕಾರ ಮನಿ ಮುಂದ ಗಾಡಿ ನಿಲ್ಲಸ್ರಿ. ಇವ್ರು ಅವ್ರಿಗಿ ಒಂದ ಮಾತ ಹೇಳೂದೈತಿ."

ರಾವಸಾಹೇಬನ ನಗು ಅರ್ಧಕ್ಕೆ ನಿಂತಿತು. ಅವನು ಸ್ಟೇರಿಂಗ್ ಹಿಡಿದ. ಅಕ್ಕುತಾಯಿ ಗಂಡನನ್ನು ಮೊದಲು ಹತ್ತಿಸಿ, ತಾನು ಆಮೇಲೆ ಹತ್ತಿ ಬಾಗಿಲು ಎಳೆದುಕೊಂಡಳು. ಇಬ್ಬರ ನಡುವೆ ಒತ್ತಿಕೊಂಡು ಕುಳಿತ ಜ್ಞಾನದೇವನಿಗೆ ಗಾಡಿಯ ಎರಡೂ ಬಾಗಿಲು ಕೈಗೆ ಎಟುಕುವಂತಿರಲಿಲ್ಲ.